ಅರ್ಥವಿಲ್ಲದ ಮನೆಗಳು

ಕನ್ನಡದಲ್ಲಿ ‘ಅರ್ಥ’ ಎಂಬ ಶಬ್ದಕ್ಕೆ ಅರ್ಥಗಳು ಒಂದೆರಡಲ್ಲ. ಮಾತಿನ ತಿರುಳಿಗೂ ಅರ್ಥವೆನ್ನುತ್ತೇವೆ, ಹಣಕ್ಕೂ ಅರ್ಥವೆನ್ನುತ್ತೇವೆ, ಪುರುಷಾರ್ಥಗಳ ಪಂಕ್ತಿಯಲ್ಲಿ ಅದಕ್ಕೆ ಎರಡನೆಯ ಮಣೆ. ಇವೆಲ್ಲ ಪಂಡಿತರು ಹೇಳಿದವು. ಈಚೆಗೆ ನಮ್ಮ ಕಡೆಯ ವಾಯರ್‌ಮನ್ನರು ಇದಕ್ಕೆ ಇನ್ನೊಂದನ್ನು ಕೂಡಿಸಿದ್ದಾರೆ. ಇಂಗ್ಲಿಷಿನವರು ಭೂಮಿಗೆ ಇಟ್ಟ ಹೆಸರು ಅವರ ನಾಲಗೆಯ ಮೇಲೆ ಹೊರಳಿ ‘ಅರ್ಥ’ವಾಗಿದೆ. ಬೋರ್ಡಿನ ತೂತುಗಳಿಗೆಲ್ಲ ಟೆಸ್ಟರು ಚುಚ್ಚಿ ನೋಡಿ, ಹಣೆಯ ಬೆವರೊರಸಿಕೊಂಡು, “ಈ ಮನಿಗೆ ಅರ್ಥನ ಇಲ್ಲರೀ ಮಾಸ್ತರ” ಎಂದು ಅವರು ಹೇಳಿದಾಗ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನನ್ನಂಥವನಿಗೂ ಒಂದು ಕ್ಷಣ ವೇದಾಂತ ಕೇಳಿದಂತಾಗುತ್ತದೆ.

ವೇದಾಂತಿಗಳ ಮಾತಾದರೆ ಕೇಳಿ, ತಲೆದೂಗಿ, ಮರೆತುಬಿಡಬಹುದು. ವಾಯರ್‌ಮನ್ನನ ಮಾತು ಹಾಗಲ್ಲ. ಅರ್ಥವಿಲ್ಲದ ಬಾಳನ್ನು ನೂರು ವರ್ಷ ಬಾಳಿದವರುಂಟು; ಅರ್ಥವಿಲ್ಲದ ಮನೆಯಲ್ಲಿ ಮಾತ್ರ ಒಂದು ದಿನದ ಭರವಸೆಯೂ ಇಲ್ಲ.

ನಿವೃತ್ತನಾದ ಮೇಲೆ ನನ್ನ ಸಂಚಾರ ಹೆಚ್ಚಾಗಿದೆ. ಹಾನಗಲ್ಲಿನಲ್ಲಿ ನನ್ನ ಅಕ್ಕನ ಮನೆ. ಶಿಗ್ಗಾಂವಿಯಲ್ಲಿ ಮಗಳನ್ನು ಕೊಟ್ಟ ಮನೆ. ಸವಣೂರಿನಲ್ಲಿ ಬಾಲ್ಯದ ಗೆಳೆಯ. ಹಿರೇಕೆರೂರ ಸುತ್ತಿನ ಹಳ್ಳಿಗಳಲ್ಲಿ ನನ್ನ ಕೈಯಲ್ಲಿ ಕಲಿತವರು. ಹೋದ ಮನೆಯಲ್ಲಿ ಕೆಲವರು ಜಾತಕ ನೋಡುತ್ತಾರೆ, ಕೆಲವರು ನಾಡಿ ಹಿಡಿಯುತ್ತಾರೆ, ಕೆಲವರು ಅಡಿಗೆಯ ಮನೆಯತ್ತ ಮೂಗು ತಿರುಗಿಸುತ್ತಾರೆ. ನಾನು ಸ್ವಿಚ್ಚಿನ ಬೋರ್ಡು ನೋಡುತ್ತೇನೆ. ಚಹ ಬರುವದರೊಳಗೆ ಆ ಮನೆಯವರ ಆಯುಷ್ಯಕ್ಕೆ ಎಷ್ಟು ಆಧಾರವಿದೆ ಎಂಬದು ನನಗೆ ತಕ್ಕಮಟ್ಟಿಗೆ ತಿಳಿದುಬಿಡುತ್ತದೆ.

ಹಾನಗಲ್ಲಿಗೆ ಬಂದ ಪರಸ್ಥಳದವರು ತಾರಕೇಶ್ವರನ ಗುಡಿಯ ಛತ್ತಿನಲ್ಲಿ ಅರಳಿದ ಕಲ್ಲಿನ ಕಮಲವನ್ನು ಕತ್ತು ನೋಯುವವರೆಗೆ ನೋಡುತ್ತಾರೆ. ನಾನು ಅಲ್ಲಿ ಕಂಡ ಸೋಜಿಗವಾದರೋ ಕಣ್ಣು ಕೆಳಗೆ ಮಾಡಿ ನೋಡಬೇಕಾದದ್ದು. ಅಕ್ಕನ ಅಡಿಗೆಯ ಮನೆಯಲ್ಲಿ ಫ್ರಿಜ್ಜಿನ ಮುಂದೆ ಒಂದು ಜೊತೆ ರಬ್ಬರಿನ ಚಪ್ಪಲಿ ಇದ್ದಿತು. ನನ್ನ ಅಕ್ಕ ಮಡಿವಂತೆ. ಹಿತ್ತಲ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಲು ತೊಳೆಯದೆ ಯಾರನ್ನೂ ಒಳಗೆ ಬಿಟ್ಟವಳಲ್ಲ.

“ಇದೇನಕ್ಕಾ, ಅಡಿಗಿ ಮನ್ಯಾಗ ಚಪ್ಪಲಿ?” ಎಂದೆ.

“ಬರಿಗಾಲಿಲೆ ಮುಟ್ಟಿದರ ಜುಮ್ ಅಂತದೋ ತಮ್ಮಾ. ಇವನ್ನ ಮೆಟ್ಟಿಕೊಂಡು ಮುಟ್ಟಿದರ ಏನೂ ಆಗೂದಿಲ್ಲ. ಹಾಲು ಮೊಸರು ತಗಿಯೂ ಮುಂದ ಹಾಕ್ಕೋತೀವಿ, ಮತ್ತ ಅಲ್ಲೇ ಬಿಡತೀವಿ.”

“ಎಷ್ಟ ದಿನಾ ಆತು ಹಿಂಗ?”

“ದೀಪಾವಳಿಯಿಂದ ನೋಡು.”

ಆಗ ಯುಗಾದಿ ಹತ್ತಿರ ಬಂದಿದ್ದಿತು. ಐದು ತಿಂಗಳು ಆ ಮನೆಯವರು ಒಂದು ಯಮದೂತನಿಗೆ ದಿನಕ್ಕೆ ಹತ್ತು ಸಲ ಕೈ ಕೊಟ್ಟು ಮಾತಾಡಿಸಿದ್ದರು. ಅವನ ಮರ್ಯಾದೆಗಾಗಿ ಮಡಿಯನ್ನೂ ಸಡಿಲಿಸಿದ್ದರು. ಮನುಷ್ಯನು ಯಾವದಕ್ಕೂ ಹೊಂದಿಕೊಳ್ಳುತ್ತಾನೆಂದು ಹಿರಿಯರು ಮೆಚ್ಚಿ ಹೇಳುತ್ತಾರಲ್ಲ, ಅದು ಎಲ್ಲ ಕಾಲಕ್ಕೂ ಮೆಚ್ಚುವ ಗುಣವಲ್ಲ.

ಆ ಜುಮ್ ಎಂಬದು ಏನು? ಫ್ರಿಜ್ಜಿನ ಒಳಗೆ ಎಲ್ಲಿಯೋ ತಂತಿಯ ಮೇಲಿನ ಹೊದಿಕೆ ಸವೆದಿದೆ ಅಥವಾ ಇಲಿ ಕಡಿದಿದೆ. ಬತ್ತಲೆಯಾದ ಫೇಸ್ ತಂತಿ ತಗಡಿನ ಮೈಗೆ ತಾಗಿ, ಇಡಿಯ ಮೈಯೇ ಜೀವಂತವಾಗಿದೆ. ವಿದ್ಯುತ್ತಿನ ಸ್ವಭಾವ ಬಲು ಸರಳ. ಅದು ಕಂಬದ ಮೇಲಿನಿಂದ ಬಂದು, ಕೆಲಸ ಮಾಡಿ, ಮರಳಿ ಮನೆಗೆ ಹೋಗಬೇಕು. ಒಂದು ತಂತಿಯಲ್ಲಿ ಬರುತ್ತದೆ, ಅದು ಫೇಸ್. ಇನ್ನೊಂದರಲ್ಲಿ ಹೋಗುತ್ತದೆ, ಅದು ನ್ಯೂಟ್ರಲ್. ಈ ಸುತ್ತು ಪೂರ್ತಿಯಾಗದೆ ಅದು ಹೆಜ್ಜೆ ಕಿತ್ತಿಡುವದಿಲ್ಲ. ತಂತಿಯ ಮೇಲೆ ಕುಳಿತ ಗುಬ್ಬಿಗೆ ಏನೂ ಆಗದಿರುವದು ಇದೇ ಕಾರಣಕ್ಕಾಗಿ. ಅದರ ಮೂಲಕ ಹಾಯ್ದು ಹೋಗಲಿಕ್ಕೆ ದಾರಿಯಿಲ್ಲ. ಆದರೆ ನ್ಯೂಟ್ರಲ್ಲನ್ನು ಟಿ.ಸಿ.ಯ ಬುಡದಲ್ಲಿ ನೆಲಕ್ಕೆ ಕೂಡಿಸಿರುತ್ತಾರೆ. ಆದ್ದರಿಂದ ನೆಲದ ಮೇಲೆ ನಿಂತ ಮನುಷ್ಯನು ಫೇಸನ್ನು ಮುಟ್ಟಿದರೆ ಅವನೇ ಎರಡನೆಯ ತಂತಿ.

ಇನ್ನು ಲೆಕ್ಕ. ಹೈಸ್ಕೂಲಿನಲ್ಲಿ ಓಮನ ನಿಯಮವೆಂದು ಎಲ್ಲರೂ ಕಲಿತದ್ದೇ: ವೋಲ್ಟನ್ನು ತಡೆಯಿಂದ ಭಾಗಿಸಿದರೆ ಹರಿಯುವ ವಿದ್ಯುತ್ತು ಎಷ್ಟೆಂದು ಬರುತ್ತದೆ. ನಮ್ಮ ಮನೆಗಳಿಗೆ ಬರುವದು 230 ವೋಲ್ಟು. ಒಣಗಿದ ಕೈ, ಒಣಗಿದ ಚಪ್ಪಲಿ, ಎಲ್ಲ ಕೂಡಿ ಒಂದು ಲಕ್ಷ ಓಮ್ ತಡೆಯಿದ್ದರೆ ಹರಿಯುವದು 2.3 ಮಿಲಿ ಆಂಪಿಯರು. ಜುಮ್ ಎನ್ನುತ್ತದೆ, ಅಷ್ಟೇ. ಅದೇ ಅಕ್ಕನ ಸೊಸೆ ನೆಲ ಒರಸುತ್ತ, ಒದ್ದೆಗೈಯಲ್ಲಿ, ಬರಿಗಾಲಲ್ಲಿ ಆ ಫ್ರಿಜ್ಜಿಗೆ ಆತುಕೊಂಡಳೆನ್ನಿ. ತೊಯ್ದ ಮೈಯ ತಡೆ ಒಂದು ಸಾವಿರ ಓಮಿಗೆ ಇಳಿದೀತು. ಆಗ ಹರಿಯುವದು 230 ಮಿಲಿ ಆಂಪಿಯರು. ಎರಡು ಅಂಕಿಗಳ ನಡುವೆ ನೂರು ಪಟ್ಟು ಅಂತರ. ಆ ಅಂತರವನ್ನು ಕಾಯುತ್ತಿದ್ದದ್ದು ಒಂದು ಜೊತೆ ಚಪ್ಪಲಿ.

ಎಷ್ಟು ವಿದ್ಯುತ್ತು ಹರಿದರೆ ಅಪಾಯ? ಒಂದು ಮಿಲಿ ಆಂಪಿಯರು ಕೈಗೆ ಗೊತ್ತಾಗುತ್ತದೆ. ಹತ್ತು ದಾಟಿದರೆ ಮುಷ್ಟಿ ಬಿಚ್ಚುವದು ಕಠಿಣ. ಅಮೇರಿಕೆಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯೆಲ್ ಎಂಬವರು, ತಾವಾಗಿ ಮುಂದೆ ಬಂದವರ ಕೈಯಲ್ಲಿ ತಂತಿ ಹಿಡಿಸಿ, ಎಷ್ಟರವರೆಗೆ ಅದನ್ನು ಬಿಡಲು ಸಾಧ್ಯವೆಂದು ಪರೀಕ್ಷಿಸಿದರು. ಗಂಡಸರಿಗೆ ಸರಾಸರಿ 16, ಹೆಂಗಸರಿಗೆ 10.5 ಮಿಲಿ ಆಂಪಿಯರೆಂದು ಕಂಡಿತು. ನಮ್ಮ ಜನ “ಕರೆಂಟು ಹಿಡಕೊಂತು” ಎನ್ನುವದು ಸುಳ್ಳಲ್ಲ. ಆದರೆ ಹಿಡಿಯುವದು ಕರೆಂಟಲ್ಲ, ನಮ್ಮದೇ ಸ್ನಾಯುಗಳು. ಬೆರಳು ಮಡಚುವ ಸ್ನಾಯುಗಳು ಬಿಚ್ಚುವವಕ್ಕಿಂತ ಬಲವಾದವು. ಎಲ್ಲವೂ ಒಮ್ಮೆಲೇ ಬಿಗಿದಾಗ ಮುಷ್ಟಿ ಕಟ್ಟುತ್ತದೆ. ಮೂವತ್ತು ದಾಟಿದರೆ ಉಸಿರಿಗೆ ಗಂಡಾಂತರ. ಐವತ್ತು, ನೂರು ಎನ್ನುವಷ್ಟರಲ್ಲಿ ಗುಂಡಿಗೆ ತಾಳ ತಪ್ಪಿ ಬರಿದೆ ನಡುಗತೊಡಗುತ್ತದೆ, ರಕ್ತ ಮುಂದೆ ಹೋಗುವದಿಲ್ಲ. ಈಗ ಎಲ್ಲರ ಮನೆಯಲ್ಲಿ ಉರಿಯುವ ಒಂಬತ್ತು ವ್ಯಾಟಿನ ಎಲ್.ಇ.ಡಿ. ದೀಪ ಸುಮಾರು ನಲವತ್ತು ಮಿಲಿ ಆಂಪಿಯರು ಕುಡಿಯುತ್ತದೆ. ಒಂದು ಮಿಣುಕು ದೀಪ ಹೊತ್ತಿಸುವಷ್ಟು ವಿದ್ಯುತ್ತು ಒಂದು ಜೀವದ ದೀಪ ಆರಿಸಲು ಸಾಕು.

ಅಕ್ಕನ ಮನೆಗೆ ವಾಯರ್‌ಮನ್ನನನ್ನು ಕರೆಸಿದೆವು. “ಅರ್ಥ ಇಲ್ಲ” ಎಂಬ ಮಹಾವಾಕ್ಯವನ್ನು ಉಚ್ಚರಿಸಿದವನು ಅವನೇ. ಪರಿಹಾರವನ್ನೂ ಅವನೇ ಸೂಚಿಸಿದ: “ಚಿಂತಿ ಮಾಡಬ್ಯಾಡರಿ. ಸಾಕೀಟಿನೊಳಗ ಅರ್ಥಿನ ತೂತಿಗೆ ನ್ಯೂಟ್ರಲ್ ಜೋಡಿಸಿಬಿಡತೀನಿ. ಐದು ಮಿನೀಟಿನ ಕೆಲಸ.” ಬೇಡವೆಂದು ಕೈ ಹಿಡಿದೆ. ನ್ಯೂಟ್ರಲ್ ತಂತಿ ಹೊರಗೆ ಗಾಳಿಮಳೆಗೆ ಎಲ್ಲಿಯಾದರೂ ಕಡಿದರೆ, ಹಾಗೆ ಜೋಡಿಸಿದ ಮನೆಯ ಪ್ರತಿಯೊಂದು ತಗಡಿನ ಮೈಗೆ 230 ವೋಲ್ಟು ಏರಿ ನಿಲ್ಲುತ್ತದೆ. ಒಂದು ಫ್ರಿಜ್ಜಿನ ರೋಗ ಮಿಕ್ಸರು, ಇಸ್ತ್ರಿ, ನೀರಿನ ಮೋಟಾರುಗಳಿಗೆಲ್ಲ ಹಬ್ಬುತ್ತದೆ. ಮದ್ದೆಂದು ಕೊಟ್ಟ ವಿಷವದು.

ಸರಿಯಾದ ಕೆಲಸಕ್ಕೆ ಅರ್ಧ ದಿನ ಹಿಡಿಯಿತು. ಹಿತ್ತಲಲ್ಲಿ ಎಂಟು ಅಡಿಯ ತೆಗ್ಗು ತೋಡಿ, ತೂತು ಕೊರೆದ ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತಲೂ ಇದ್ದಿಲು ಉಪ್ಪುಗಳನ್ನು ಪದರು ಪದರಾಗಿ ತುಂಬಿ, ಅಲ್ಲಿಂದ ಹಸಿರು ತಂತಿಯನ್ನು ಪ್ರತಿಯೊಂದು ಮೂರು ತೂತಿನ ಸಾಕೀಟಿಗೂ ಎಳೆದರು. ಪ್ಲಗ್ಗಿನ ಮೂರು ಕಾಲುಗಳಲ್ಲಿ ಒಂದು ಉಳಿದೆರಡಕ್ಕಿಂತ ದಪ್ಪ ಮತ್ತು ಉದ್ದವಾಗಿರುವದನ್ನು ತಾವು ನೋಡಿರಬಹುದು. ಅದೇ ಭೂಮಿಯ ಕಾಲು. ಹಾಕುವಾಗ ಎಲ್ಲಕ್ಕಿಂತ ಮೊದಲು ತಾಗಬೇಕು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕೆಂದು ಅದನ್ನು ಹಾಗೆ ಮಾಡಿರುವದು. ನಮ್ಮಲ್ಲಿ ಅದನ್ನು ಅಡ್ಡಿಯೆಂದು ಕೊಯ್ದು ಒಗೆಯುತ್ತಾರೆ. ಇಲ್ಲವೆ ಪ್ಲಗ್ಗನ್ನೇ ಬಿಟ್ಟು, ಬರಿಯ ತಂತಿಗಳನ್ನು ತೂತಿಗೆ ತುರುಕಿ ಕಡ್ಡಿಪೆಟ್ಟಿಗೆಯ ಕಡ್ಡಿಯಿಂದ ಬಿಗಿಯುತ್ತಾರೆ.

ತೆಗ್ಗು ತೋಡಿದ್ದೂ ಪೂರ್ತಿ ಸಾಲದು. ನಮ್ಮ ಎರೆನೆಲ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಒಣಮಣ್ಣು ಐವತ್ತು ಓಮಿನಷ್ಟು ತಡೆ ಒಡ್ಡಿತೆಂದರೆ ಅದರೊಳಗೆ ಇಳಿಯುವದು ಬರಿಯ 4.6 ಆಂಪಿಯರು; ಐದು ಆಂಪಿಯರಿನ ಫ್ಯೂಜು ಅದಕ್ಕೆ ಕರಗುವದೇ ಇಲ್ಲ. ಆದ್ದರಿಂದ ತುಳಸಿಗೆ ನೀರು ಹಾಕುವಾಗ ಆ ತೆಗ್ಗಿಗೂ ಒಂದು ಕೊಡ ಸುರಿಯಬೇಕು. ಅದರ ಜೊತೆಗೆ ಮೀಟರಿನ ಬಳಿ ಇ.ಎಲ್.ಸಿ.ಬಿ. ಎಂದು ಅಂಗಡಿಯವರು ಕರೆಯುವ ಪೆಟ್ಟಿಗೆಯೊಂದನ್ನು ಕೂಡಿಸಬೇಕು. ಈಗ ಸಿಗುವವುಗಳ ಮೇಲೆ ಆರ್.ಸಿ.ಸಿ.ಬಿ. ಎಂದು ಬರೆದಿರುತ್ತದೆ. ಇಂಥದೇ ಒಂದು ಪೆಟ್ಟಿಗೆಯನ್ನು 1961ರಲ್ಲಿ ಅದೇ ಡಾಲ್ಜಿಯೆಲ್ಲರೂ ರೂಪಿಸಿದ್ದರು. ಅದರ ಬುದ್ಧಿ ನಮ್ಮ ಪೇಟೆಯ ಶೆಟ್ಟರ ಬುದ್ಧಿ. ಫೇಸಿನಲ್ಲಿ ಹೋದದ್ದೆಷ್ಟು, ನ್ಯೂಟ್ರಲ್ಲಿನಲ್ಲಿ ಬಂದದ್ದೆಷ್ಟು ಎಂದು ಅದು ಸದಾ ಕೀರ್ದಿ ಬರೆಯುತ್ತಿರುತ್ತದೆ. ಜಮಾಖರ್ಚಿನಲ್ಲಿ ಮೂವತ್ತು ಮಿಲಿ ಆಂಪಿಯರಿನ ವ್ಯತ್ಯಾಸ ಬಂದರೆ, ಅಷ್ಟು ವಿದ್ಯುತ್ತು ಬೇರೆ ಎಲ್ಲಿಯೋ, ಬಹುಶಃ ಯಾರದೋ ಮೈಯೊಳಗಿಂದ, ಸೋರುತ್ತಿದೆಯೆಂದು ತಿಳಿದು ಕಣ್ಣು ಮುಚ್ಚಿ ತೆರೆಯುವದರೊಳಗೆ ಅಂಗಡಿಯ ಬಾಗಿಲು ಹಾಕಿಬಿಡುತ್ತದೆ. ಅದರ ಮೈಮೇಲೆ ಪರೀಕ್ಷೆಯ ಗುಂಡಿಯೊಂದಿರುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಬಾಗಿಲು ಹಾಕದ ಶೆಟ್ಟರನ್ನು ಬದಲಾಯಿಸಬೇಕು.

ಇಷ್ಟೆಲ್ಲ ಏಕೆ, ಫ್ಯೂಜಿದೆಯಲ್ಲ ಎನ್ನುವವರು ಬಹಳ. ಸವಣೂರಿನ ನನ್ನ ಗೆಳೆಯನೂ ಹಾಗೆಯೇ ಅಂದ. ಸವಣೂರೆಂದರೆ ನವಾಬರ ಊರು; ಖಾರಕ್ಕೂ ವೀಳ್ಯದೆಲೆಗೂ ಹೆಸರಾದದ್ದು. ಗೆಳೆಯನ ಮನೆ ಅವನ ಅಜ್ಜನ ಕಾಲದ್ದು. ತೊಲೆ, ಕಂಬ, ಮಾಡ ಎಲ್ಲ ಸಾಗವಾನಿ. ಮರದ ಪಟ್ಟಿಯ ಮೇಲೆ ಹಾಯ್ದ ಹಳೆಯ ತಂತಿಯ ಮೇಲಿನ ಹೊದಿಕೆ ಕೈಯಿಟ್ಟರೆ ಹಪ್ಪಳದಂತೆ ಉದುರುತ್ತದೆ. ಫ್ಯೂಜಿನ ಬಿಲ್ಲೆ ಕಿತ್ತು ನೋಡಿದರೆ ಕೂದಲಿನಂಥ ತಂತಿಯಿರುವಲ್ಲಿ ತಾಮ್ರದ ಮೂರು ಎಳೆ ಹುರಿ ಮಾಡಿ ಹಾಕಿದ್ದಾನೆ.

“ಪದೇಪದೇ ಸುಡತಿತ್ತೋ ಮಾರಾಯಾ. ಈಗ ಎರಡು ವರ್ಷಾತು, ಒಮ್ಮೆನೂ ಹೋಗಿಲ್ಲ” ಎಂದು ಹೆಮ್ಮೆಪಟ್ಟ.

ಜ್ವರ ಬರುತ್ತದೆಂದು ಥರ್ಮಾಮೀಟರು ಒಡೆದ ಹಾಗಾಯಿತು. ಫ್ಯೂಜು ಸುಡುವದೇ ಅದರ ಕೆಲಸ. ತಾನು ಸುಟ್ಟು ತಂತಿಯನ್ನು ಉಳಿಸುತ್ತದೆ. ತಂತಿಯನ್ನು ಉಳಿಸುತ್ತದೆ ಎಂಬ ಮಾತನ್ನು ಗಮನಿಸಬೇಕು. ಅದು ಮನುಷ್ಯನನ್ನು ಉಳಿಸುವದಕ್ಕಾಗಿ ಹುಟ್ಟಿದ್ದಲ್ಲ. ಐದು ಆಂಪಿಯರೆಂದರೆ ಐದು ಸಾವಿರ ಮಿಲಿ ಆಂಪಿಯರು. ನೂರಕ್ಕೆ ಸಾಯುವ ಮನುಷ್ಯ ಅದರ ಕಣ್ಣಿಗೆ ಬೀಳುವದೇ ಇಲ್ಲ. ಅದೇ ಮನೆಯಲ್ಲಿ ಇನ್ನೊಂದು ದೋಷವೂ ಸಿಕ್ಕಿತು. ಸ್ವಿಚ್ಚನ್ನು ಫೇಸಿಗೆ ಹಾಕುವದರ ಬದಲು ನ್ಯೂಟ್ರಲ್ಲಿಗೆ ಹಾಕಿದ್ದರು. ಹಾಗಾದರೂ ದೀಪ ಹತ್ತುತ್ತದೆ, ಆರುತ್ತದೆ. ಯಾರಿಗೂ ಸಂಶಯ ಬರುವದಿಲ್ಲ. ಆದರೆ ಆರಿದ ದೀಪದ ಹೋಲ್ಡರಿನಲ್ಲಿ ಫೇಸು ಹೆಡೆಯೆತ್ತಿ ಕುಳಿತೇ ಇರುತ್ತದೆ. ಬಲ್ಬು ಬದಲಿಸುವ ಮುಂಚೆ ಸ್ವಿಚ್ಚು ಆರಿಸಿದರಾಯಿತೆಂದು ನಂಬಬಾರದು. ಮೇನ್ ಸ್ವಿಚ್ಚನ್ನೇ ಕೆಳಗೆ ಮಾಡಬೇಕೆನ್ನುವದು ಇದಕ್ಕಾಗಿ.

ಒಂದು ಕಾಲಕ್ಕೆ ಇಂಥ ದೋಷಗಳು ಅಷ್ಟಾಗಿ ಕಾಡಲಿಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಬೆಳಗಿತು. ನಮ್ಮ ಸೀಮೆಯ ಹಳ್ಳಿಗಳಿಗೆ ಅದು ತಡವಾಗಿ, ಒಂದು ದೀಪದ ಅತಿಥಿಯಾಗಿ ಬಂದಿತು. ಬಡವರ ಮನೆಗೆ ಸರಕಾರ ಕೊಟ್ಟ ಭಾಗ್ಯಜ್ಯೋತಿಯೂ ಒಂದೇ ದೀಪ. ಆ ದೀಪಕ್ಕೆಂದು ಎಳೆದ ಸಪೂರ ತಂತಿಗೆ ಇಂದು ಟಿ.ವಿ., ಮಿಕ್ಸರು, ಫ್ರಿಜ್ಜು, ನೀರು ಕಾಯಿಸುವ ರಾಡು ಎಲ್ಲ ಜೋತುಬಿದ್ದಿವೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದು ಇನ್ನೂರು ಯೂನಿಟ್ಟಿನವರೆಗೆ ಬಿಲ್ಲಿನ ಅಂಜಿಕೆಯೂ ಹೋಯಿತು. ಬಡವರ ಮನೆಯಲ್ಲಿ ಫ್ರಿಜ್ಜು ಬಂದದ್ದು ಸಂತೋಷದ ಮಾತೇ. ಆದರೆ 1500 ವ್ಯಾಟಿನ ರಾಡು ಆರೂವರೆ ಆಂಪಿಯರು ಎಳೆಯುತ್ತದೆ. ದೀಪದ ತಂತಿ ಅದಕ್ಕೆ ಕಾದು ಕರಗುತ್ತದೆ. ದುಡ್ಡು ಬೇಡದ ವಿದ್ಯುತ್ತು ಎಚ್ಚರವನ್ನು ಮಾತ್ರ ಮೊದಲಿನಷ್ಟೇ ಬೇಡುತ್ತದೆ.

ಶಿಗ್ಗಾಂವಿಯ ಬೀಗರ ಮನೆಯಲ್ಲಿ ಮದುವೆಯಿದ್ದಿತು. ಅಂಗಳದ ತುಂಬ ಹಂದರ. ಹಂದರದ ಕಬ್ಬಿಣದ ಕಂಬಗಳಿಗೆ ಸುತ್ತಿದ ಬಣ್ಣದ ದೀಪಗಳ ಸರ. ನಡುನಡುವೆ ತಂತಿ ಕೂಡಿಸಿದಲ್ಲಿ ಟೇಪಿಲ್ಲ. ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಹಾಕುತ್ತಿದ್ದ ಹೆಣ್ಣುಮಕ್ಕಳು ಬರಿಗಾಲಲ್ಲಿದ್ದರು. ಹಂದರದ ಹುಡುಗನಿಗೆ ಹೇಳಿದರೆ, “ಕಾಕಾ, ನೂರು ಮದವಿ ಮಾಡೇನಿ” ಎಂದ. ಬೀಗರ ಮುಖ ಸಣ್ಣದಾಯಿತು; ಮಗಳು ಕಣ್ಣಿನಲ್ಲಿಯೇ ನನ್ನನ್ನು ಬೇಡಿಕೊಂಡಳು. ಬೀಗರ ಮನೆಯಲ್ಲಿ ಮಾತಾಡುವದು ಕಷ್ಟ. ಆದರೂ ಟೇಪು ತರಿಸಿ, ಕೂಡಿಸಿದಲ್ಲೆಲ್ಲ ಸುತ್ತಿಸಿ, ಸರಗಳನ್ನು ಕಬ್ಬಿಣದಿಂದ ಬಿಡಿಸಿ ಹಗ್ಗಕ್ಕೆ ಕಟ್ಟಿಸಿಯೇ ಊಟಕ್ಕೆ ಕುಳಿತೆ. ನನ್ನ ಹಟಕ್ಕೆ ಕಾರಣವಿದ್ದಿತು. ಶಿಗ್ಗಾಂವಿ ಸವಣೂರುಗಳ ನೆರೆಯಲ್ಲಿಯೇ ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲೂಕು. ಅಲ್ಲಿಯ ಸೂರಣಗಿ ಎಂಬ ಊರು. 2024ರ ಜನವರಿಯಲ್ಲಿ ಚಿತ್ರನಟ ಯಶ್ ಅವರ ಹುಟ್ಟುಹಬ್ಬದ ಹಿಂದಿನ ರಾತ್ರಿ, ಅಲ್ಲಿಯ ಹುಡುಗರು ಅಭಿಮಾನದಿಂದ ದೊಡ್ಡದೊಂದು ಚಿತ್ರಫಲಕವನ್ನು ನಿಲ್ಲಿಸಲು ಹೋದರು. ಅದು ವಿದ್ಯುತ್ತಿನ ತಂತಿಗೆ ತಾಗಿ ಮೂವರು ಜೀವ ಬಿಟ್ಟರು, ಇನ್ನು ಕೆಲವರು ಗಾಯಗೊಂಡರು. ಆ ನಟರೂ ಊರಿಗೆ ಬಂದು ಹೆತ್ತವರನ್ನು ಕಂಡು ಹೋದರು. ಫಲಕ ಎತ್ತುವಾಗ, ಏಣಿ ನಿಲ್ಲಿಸುವಾಗ, ಗೋವಿನಜೋಳದ ಹೇರು ತುಂಬಿದ ಟ್ರ್ಯಾಕ್ಟರು ಹೊಲದಿಂದ ಹೊರಬೀಳುವಾಗ ಒಮ್ಮೆ ತಲೆಯೆತ್ತಿ ಮೇಲೆ ನೋಡುವ ರೂಢಿಯಿದ್ದರೆ ಎಷ್ಟೋ ಮನೆಗಳಲ್ಲಿ ಅಳುವ ಪ್ರಸಂಗ ಬರುತ್ತಿರಲಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಕಚೇರಿಯ ಲೆಕ್ಕದಲ್ಲಿ 2021ನೆಯ ಒಂದೇ ವರ್ಷ ನಮ್ಮ ದೇಶದಲ್ಲಿ ವಿದ್ಯುತ್ತು ತಾಗಿ ಸತ್ತವರು 12 ಸಾವಿರಕ್ಕೂ ಹೆಚ್ಚು.

ಮಾಸ್ತರಿಗೆ ಈ ಚಟ ಎಲ್ಲಿಂದ ಹತ್ತಿತು ಎಂದು ಬೀಗರು ಆ ರಾತ್ರಿ ಎಲೆಯಡಿಕೆಯ ಹೊತ್ತಿಗೆ ಕೇಳಿದರು. ಹೇಳಿದೆ, ಇಲ್ಲಿಯೂ ಹೇಳುತ್ತೇನೆ.

ಹಿರೇಕೆರೂರು ತಾಲೂಕಿನ ಒಂದು ಹಳ್ಳಿಯ ಹುಡುಗ ನನ್ನ ಕೈಯಲ್ಲಿ ಕಲಿತವನು. ಜಾಣ. ಸೈಕಲ್ಲಿನ ಡೈನಮೋ ಬಿಚ್ಚಿ ಜೋಡಿಸಿ ತರಗತಿಗೆಲ್ಲ ತೋರಿಸಿದ್ದ. ತಂದೆ ಬೇಗ ತೀರಿಕೊಂಡದ್ದರಿಂದ ಓದು ಬಿಟ್ಟು ಹೊಲಕ್ಕೆ ನಿಂತ. ಕೊಳವೆಬಾವಿ ತೋಡಿಸಿದ, ಒಂದೆಕರೆ ಅಡಿಕೆಯ ಸಸಿ ಹಚ್ಚಿದ. ಪಂಪ್‌ಸೆಟ್ಟಿಗೆ ಮೂರು ಫೇಸಿನ ವಿದ್ಯುತ್ತು ಬರುವದು ಪಾಳಿಯ ಮೇಲೆ. ಪಾಳಿ ಎಷ್ಟೋ ಸಲ ಬೀಳುವದು ರಾತ್ರಿ. ಬೇವಿನ ಗಿಡದ ಕೆಳಗೆ ಒಂದು ಕಟ್ಟಿಗೆಯ ಕಂಬಕ್ಕೆ ಸ್ಟಾರ್ಟರಿನ ಕಬ್ಬಿಣದ ಪೆಟ್ಟಿಗೆ ಜಡಿದಿದ್ದ. ಮೇಲೆ ಗೊಬ್ಬರದ ಚೀಲ ಮುಚ್ಚಿದ್ದ. ಅರ್ಥಿನ ತಂತಿ ಇರಲಿಲ್ಲ. ಜುಲೈ ತಿಂಗಳ ಜಿಟಿಜಿಟಿ ಮಳೆ. ನಡುರಾತ್ರಿ ಕರೆಂಟು ಬಂದಿತೆಂದು ಎದ್ದು ಹೋದವನು ಮರಳಿ ಬರಲಿಲ್ಲ. ಬೆಳಗಿನಲ್ಲಿ ತಮ್ಮ ಹೋಗಿ ನೋಡಿದ.

ನಾನು ಮಾತಾಡಿಸಲು ಹೋದಾಗ ಆ ತಾಯಿ ಅಳುತ್ತಿರಲಿಲ್ಲ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದಳು: “ಪೆಟ್ಟಿಗಿ ಮುಟ್ಟಿದರ ಜುಮ್ ಅಂತದಬೇ ಅಂತಿದ್ದರೀ ಮಾಸ್ತರ. ಮಳಿಗಾಲದಾಗ ಒಂದೀಟು ಜಾಸ್ತಿ ಅಂತದ ಅಂತ ನಗತಿದ್ದ.”

ಆ ಮಾತು ಅಂದಿನಿಂದ ನನ್ನ ಕಿವಿಯಲ್ಲಿ ಉಳಿದಿದೆ. ಜುಮ್ ಎನ್ನುವದು ಸಾವು ಮೊದಲೇ ಬರೆದು ಕಳಿಸಿದ ಕಾರ್ಡು. ಹಾವಾದರೂ ಬುಸ್ ಎಂದರೆ ನಾವು ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತೇವೆ. ಇದು ಬುಸ್ ಎಂದರೆ ಚಪ್ಪಲಿ ಮೆಟ್ಟಿಕೊಳ್ಳುತ್ತೇವೆ.

ಅದೇ ಸೀಮೆಯಲ್ಲಿ ಇನ್ನೊಂದು ಅನಾಹುತವೂ ನಡೆಯುತ್ತದೆ. ಹಂದಿಯ ಕಾಟಕ್ಕೆ ಬೇಸತ್ತು ಗೋವಿನಜೋಳದ ಸುತ್ತ ತಂತಿ ಎಳೆದು, ಕಂಬದಿಂದ ನೇರವಾಗಿ ಕರೆಂಟು ಕೊಡುವವರಿದ್ದಾರೆ. ಇದು ಅಪರಾಧವೆಂಬದು ಒಂದು. ಹಂದಿಗೆ ಇಟ್ಟದ್ದು ಮಗ್ಗುಲ ಹೊಲದ ಅಣ್ಣತಮ್ಮನಿಗೆ, ಕೆಲವು ಸಲ ಇಟ್ಟವನಿಗೇ ತಾಗುತ್ತದೆಂಬದು ಇನ್ನೊಂದು. ಸೌರಶಕ್ತಿಯ ಬೇಲಿಯ ಯಂತ್ರ ಸೆಕೆಂಡಿಗೊಮ್ಮೆ ಮಾತ್ರ, ಅತಿ ಕಿರಿದಾದ ಹೊತ್ತು ಪೆಟ್ಟು ಕೊಟ್ಟು ಬಿಡುತ್ತದೆ. ನಡುವೆ ಕೈ ಬಿಡಿಸಿಕೊಳ್ಳಲು ಆಸ್ಪದವಿದೆ. ಕಂಬದ ಕರೆಂಟಿಗೆ ಬಿಡುವೆಂಬದಿಲ್ಲ. ಇನ್ನು ಗಾಳಿಮಳೆಗೆ ಕಡಿದು ಬಿದ್ದ ತಂತಿ: ಅದರ ಸುತ್ತಲಿನ ನೆಲವೂ ಬಿಸಿಯೇ. ಹತ್ತಿರವಾದಷ್ಟೂ ವೋಲ್ಟು ಹೆಚ್ಚು, ದೂರವಾದಷ್ಟೂ ಕಡಿಮೆ. ಎರಡು ಕಾಲು ಅಗಲಿಸಿದರೆ ಒಂದು ಕಾಲಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆಯಾಗಿ ಮೈಯೊಳಗಿಂದ ವಿದ್ಯುತ್ತು ಹರಿಯುತ್ತದೆ. ಮುಂಗಾಲು ಹಿಂಗಾಲುಗಳ ನಡುವೆ ಮಾರುದ್ದ ಅಂತರವಿರುವ ಎತ್ತು ಎಮ್ಮೆಗಳು ಮೊದಲು ಬೀಳುವದು ಇದರಿಂದಲೇ. ಅಂಥಲ್ಲಿ ಮೂವತ್ತು ನಲವತ್ತು ಅಡಿ ದೂರ ನಿಲ್ಲಬೇಕು. ಅರಿಯದೆ ಒಳಗೆ ಹೋಗಿದ್ದರೆ ಕಾಲು ಕೂಡಿಸಿ ಚಿಕ್ಕ ಚಿಕ್ಕದಾಗಿ ಸರಿಯುತ್ತ ಹೊರಬರಬೇಕು. 1912ಕ್ಕೆ ಫೋನು ಮಾಡಿ ತಿಳಿಸಬೇಕು. ಟಿ.ಸಿ.ಗೆ ಬರುವದು ಹನ್ನೊಂದು ಸಾವಿರ ವೋಲ್ಟು. ಅಲ್ಲಿ ಕೈಯಿಡುವದು ಲೈನ್‌ಮನ್ನನ ಕೆಲಸವೇ ಹೊರತು ನಮ್ಮದಲ್ಲ.

ಒಬ್ಬರಿಗೆ ತಾಗಿದಾಗ ನೋಡಿದವರು ಓಡಿ ಹೋಗಿ ತಬ್ಬಿ ಎಳೆಯುತ್ತಾರೆ. ಕರುಳಿನ ಧರ್ಮವದು, ವಿದ್ಯುತ್ತಿಗೆ ಕರುಳಿಲ್ಲ. ಬಟ್ಟೆ ಒಣಹಾಕುವ ತಂತಿಗೆ ತಾಯಿ ಅಂಟಿಕೊಂಡಳೆಂದು ಮಗಳು, ಮಗಳು ಅಂಟಿಕೊಂಡಳೆಂದು ಇನ್ನೊಬ್ಬರು ಹೀಗೆ ಸಾಲಾಗಿ ಹೋದ ಮನೆಗಳುಂಟು. ಮೊದಲು ಮೇನ್ ಆರಿಸಬೇಕು. ಅದು ದೂರವಿದ್ದರೆ ಒಣಗಿದ ಮಣೆಯ ಮೇಲೆ ನಿಂತು, ಒಣಗಿದ ಕಟ್ಟಿಗೆಯಿಂದ ಮನೆಯ ತಂತಿಯನ್ನು ಬಿಡಿಸಬೇಕು. ಹಸಿ ಕೋಲು ಸಲ್ಲದು. ಹೊರಗಿನ ಹನ್ನೊಂದು ಸಾವಿರ ವೋಲ್ಟಿನ ತಂತಿಗೆ ಯಾವ ಕಟ್ಟಿಗೆಯೂ ಸಲ್ಲದು. ಬಿಡಿಸಿದ ಮೇಲೆ ಉಸಿರಿಲ್ಲದಿದ್ದರೆ, ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತರ ಲೆಕ್ಕದಲ್ಲಿ, ಎರಡು ಅಂಗುಲ ತಗ್ಗುವಂತೆ ಒತ್ತುತ್ತಿರಬೇಕು. ಇನ್ನೊಬ್ಬರು 108ಕ್ಕೆ ಕರೆಯಬೇಕು. ಆಸ್ಪತ್ರೆಯವರು ಬರುವವರೆಗೆ ಒತ್ತುವದನ್ನು ಬಿಡಬಾರದು. ಮಣ್ಣಿನಲ್ಲಿ ಹುಗಿದರೆ ಕರೆಂಟು ಇಳಿಯುತ್ತದೆಂಬ ಮಾತೂ ನಮ್ಮಲ್ಲಿದೆ. ಮೈಯಲ್ಲಿ ಕರೆಂಟು ಉಳಿದಿದ್ದರಲ್ಲವೆ ಇಳಿಯುವದು? ತಂತಿ ಬಿಟ್ಟ ಕ್ಷಣವೇ ಅದು ಹೋಯಿತು, ನಿಂತದ್ದು ಗುಂಡಿಗೆ. 2023ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯ ಬ್ಯಾಡಗಿ ತಾಲೂಕಿನಲ್ಲಿ ನೀರಿನಲ್ಲಿ ಮುಳುಗಿ ಸತ್ತ ಇಬ್ಬರು ಹುಡುಗರನ್ನು, ಬದುಕಿ ಬಂದಾರೆಂಬ ಆಸೆಯಿಂದ ತಾಸುಗಟ್ಟಲೆ ಉಪ್ಪಿನಲ್ಲಿ ಮುಚ್ಚಿಟ್ಟರು. ಆ ಹೆತ್ತವರನ್ನು ನೋಡಿ ನಗುವ ಎದೆ ಯಾರಿಗಿದೆ? ಕೈಯಲ್ಲಿ ಮಾಡುವಂಥದು ಏನೂ ಗೊತ್ತಿಲ್ಲದಾಗ ಕೇಳಿದ ಸುಳ್ಳೂ ಆಸರೆಯಾಗುತ್ತದೆ. ಗೊತ್ತು ಮಾಡಿಕೊಡುವದು ಊರಲ್ಲಿ ಓದಿದವರ ಕೆಲಸ.

ಅಕ್ಕನ ಅಡಿಗೆಯ ಮನೆಯಿಂದ ಚಪ್ಪಲಿ ಹೊರಗೆ ಹೋದವು. ಸವಣೂರಿನ ಗೆಳೆಯ ಹೊಸ ತಂತಿ ಎಳೆಸುವ ಮಾತಾಡುತ್ತಿದ್ದಾನೆ, ಆಡುತ್ತಲೇ ಇದ್ದಾನೆ. ಹೋದ ತಿಂಗಳು ಹಿರೇಕೆರೂರ ಕಡೆ ಹೋದವನು ಆ ಹುಡುಗನ ಹೊಲಕ್ಕೂ ಹೋಗಿದ್ದೆ. ತಮ್ಮ ಈಗ ಒಕ್ಕಲುತನ ನೋಡುತ್ತಾನೆ. ಸ್ಟಾರ್ಟರಿಗೆ ಇಟ್ಟಂಗಿಯ ಚಿಕ್ಕ ಗೂಡು ಕಟ್ಟಿಸಿದ್ದಾನೆ. ಕಾಲ ಕೆಳಗೆ ಮಣೆ, ಅದರ ಮೇಲೆ ರಬ್ಬರಿನ ಹಾಸು. ಪೆಟ್ಟಿಗೆಯಿಂದ ಹೊರಟ ಹಸಿರು ತಂತಿ ನಾಲ್ಕು ಮಾರು ಆಚೆ ನೆಲಕ್ಕಿಳಿದಿದೆ. ನಾವು ಮಾತಾಡುತ್ತ ನಿಂತಿದ್ದಾಗ ತಾಯಿ ಕೊಡ ಹೊತ್ತು ಬಂದಳು. ಅಡಿಕೆಯ ಸಸಿಗಳನ್ನು ದಾಟಿ ನೇರವಾಗಿ ಆ ತೆಗ್ಗಿನ ಹತ್ತಿರ ಹೋಗಿ, ಒಂದು ಹನಿಯೂ ಹೊರಗೆ ಬೀಳದಂತೆ ನಿಧಾನವಾಗಿ ನೀರು ಸುರಿದಳು.

“ದಿನಾ ಹಾಕತಾಳರೀ ಸರ” ಎಂದ ತಮ್ಮ. “ಮಳಿ ಬಂದ ದಿನಾನೂ ಬಿಡೂದಿಲ್ಲ.”